ದೇಚೆಯ ಮನೆಗೆ ಬಾರದ ಬುಧವಾರ

ನಮ್ಮೂರಲ್ಲಿ ಕೈ ಕುಲುಕುವುದಕ್ಕೆ ಬರಗಾಲವಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಒಂದು ಸಲ, ಬುಧವಾರ ಮನೆ ಪ್ರಾರ್ಥನೆ ಮುಗಿದ ಮೇಲೆ ಇನ್ನೊಂದು ಸಲ, ನಡುವೆ ಸಂತೆಯಲ್ಲಿ ಸಿಕ್ಕರೆ ಮತ್ತೊಂದು ಸಲ. "ಶಾಲೋಮ್, ಶಾಲೋಮ್" ಎನ್ನುತ್ತ ಕೈ ಕುಲುಕಿ, ಹಲ್ಲು ತೋರಿಸಿ ಮುಂದಕ್ಕೆ ಹೋಗುತ್ತೇವೆ. ಅಲ್ಲಿಗೆ ಪ್ರೀತಿ ಮುಗಿಯಿತು ಎಂದುಕೊಂಡಿರುವ ಜನ ನಾವು. ನನ್ನ ನಾಲಿಗೆ ಉದ್ದ ಎಂದು ಊರೇ ಹೇಳುತ್ತದೆ, ಹೇಳಲಿ. ತಾಂತಾ ದೇಚೆಯ ಕತೆಯನ್ನು ಗಿಡ್ಡ ನಾಲಿಗೆಯವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ದೇಚೆ ಮಾಮುವಾಯಾ ನನ್ನ ಪಕ್ಕದ ಮನೆಯವಳು; ಹಿರಿಯ ಹೆಂಗಸರನ್ನು ನಾವು ತಾಂತಾ ಎನ್ನುತ್ತೇವೆ, ಗಂಡಸರನ್ನು ಓಮ್. ತೊಂದಾನೋ ಸರೋವರದ ದಡದಲ್ಲಿ ಬೆಳಿಗ್ಗೆ ದೋಣಿಯವರು ತರುವ ನಿಕೆ ಮೀನು ಕೊಂಡು, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಮರಿಮೀನುಗಳಿಗೆ ಮೊಟ್ಟೆ, ಈರುಳ್ಳಿ ಸೊಪ್ಪು, ಖಾರ ಕಲಸಿ ವಡೆಯಂತೆ ಕರಿದು ರಸ್ತೆಬದಿಯಲ್ಲಿ ಮಾರುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಕೂತು ಹಂದಿಮಾಂಸ ತುಂಬಿದ ಬಿಯಾಪೊಂಗ್ ಬನ್ನು ಮಾರುತ್ತೇನೆ. ಅವಳು ಉದ್ದಕ್ಕೆ, ಒಣಕಲಾಗಿದ್ದಳು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಚರ್ಚಿನಲ್ಲಿ ಹಾಡು ಎತ್ತಿದರೆ ಅವಳ ದನಿ ಎಲ್ಲರ ದನಿಗಿಂತ ಒಂದು ಗೇಣು ಮೇಲೆ ಹೋಗುತ್ತಿತ್ತು, ಅದೂ ಶ್ರುತಿ ಬಿಟ್ಟು. ಮುಂದಿನ ಸಾಲಿನ ಮಕ್ಕಳು ತಿರುಗಿ ನೋಡಿ ಕಿಸಕ್ಕನೆ ನಕ್ಕರೆ ಅವಳೂ ನಗುತ್ತಿದ್ದಳು, ಹಾಡು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಅವಳ ಗಂಡ ಓಮ್ ಲೆಕ್ಸಿ ಬಡಗಿ. ಕಂಬಗಳ ಮೇಲೆ ನಿಂತ ಅವರ ಮನೆಯನ್ನು ಅವನೇ ಕಟ್ಟಿದ್ದು, ನೆಲದ ಸಂಪಿಗೆ ಮರದ ಹಲಗೆಗಳನ್ನು ಒಂದೊಂದಾಗಿ ಕೈಯಾರೆ ಕೆತ್ತಿ ಕೂರಿಸಿದ್ದು. ಮಕ್ಕಳಾಗಲಿಲ್ಲ. "ನಮಗೆ ಮಕ್ಕಳಿಲ್ಲ, ಬುಧವಾರ ಬರೋರೇ ನಮ್ಮ ಮಕ್ಕಳು" ಎಂದು ಓಮ್ ಲೆಕ್ಸಿ ಮುಂಬಾಗಿಲ ಕೋಣೆಯನ್ನು ಬೇಕೆಂದೇ ದೊಡ್ಡದಾಗಿ ಕಟ್ಟಿದ್ದ.

ಬುಧವಾರದ ವಿಷಯ ಹೀಗೆ. ನಮ್ಮ ಚರ್ಚಿನಲ್ಲಿ ಹದಿನೈದಿಪ್ಪತ್ತು ಮನೆ ಸೇರಿದರೆ ಒಂದು ಕೊಲೊಮ್. ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ. ಹಾಡು, ಬೈಬಲ್ ವಾಕ್ಯ, ಆಶೀರ್ವಾದ ಎಲ್ಲ ಮುಗಿದ ಮೇಲೆ ಮನೆಯವರು ಉಣ್ಣಲು ಬಡಿಸುತ್ತಾರೆ. ಊಟಕ್ಕೆ ಮೊದಲು ಕೊಲೊಮ್ ನೋಡಿಕೊಳ್ಳುವ ಸ್ಯಾಮಸ್ ಎದ್ದು ನಿಂತು, "ಮುಂದಿನ ಬುಧವಾರ ಇಂಥವರ ಮನೆಯಲ್ಲಿ" ಎಂದು ಸಾರುತ್ತಾನೆ. ಹೊರಡುವಾಗ ಆ ಮನೆಯವರು ಬಾಗಿಲಲ್ಲಿ ಸಾಲಾಗಿ ನಿಂತು ಎಲ್ಲರ ಕೈ ಕುಲುಕಿ ಕಳಿಸುತ್ತಾರೆ. ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಗೂ ಸರದಿ ಬರಬೇಕು, ಅಜ್ಜಂದಿರ ಕಾಲದಿಂದ ಹಾಗೇ ನಡೆದುಬಂದಿದೆ.

ಓಮ್ ಲೆಕ್ಸಿ ಸತ್ತ ವರ್ಷ ಸೂತಕದ ಮನೆ ಎಂದು ಅವಳ ಸರದಿ ಬಿಟ್ಟರು. ಅದು ಸರಿಯೇ. ಮರುವರ್ಷ ಅವಳು ದೋಣಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡಳು, ಪಾಪ ಎಂದು ಬಿಟ್ಟರು. ಅದೂ ಸರಿಯೇ. ಅಷ್ಟರಲ್ಲಿ ಹಳೆಯ ಸ್ಯಾಮಸ್ ಹೋಗಿ ವೆಂಚೆ ಎನ್ನುವವನು ಸ್ಯಾಮಸ್ ಆದ. ಒಳ್ಳೆಯವನೇ; ಕೆಟ್ಟವನು ಎಂದು ಯಾರು ಆಣೆ ಹಾಕಿ ಹೇಳಿದರೂ ನಾನು ನಂಬುವುದಿಲ್ಲ. ಅವನು ಮೊದಲ ಸಲ ಸರದಿ ಗೊತ್ತುಮಾಡುವಾಗ, "ತಾಂತಾ ದೇಚೆ?" ಎಂದು ಕೇಳಿದನಂತೆ. ಅವನ ಹೆಂಡತಿ ಓಲ್ಗಾ, "ಅಯ್ಯೋ, ಒಂಟಿ ಜೀವ ರೀ. ಮೀನು ವಡೆ ಮಾರಿ ಇಷ್ಟು ಜನಕ್ಕೆ ಎಲ್ಲಿಂದ ಬಡಿಸ್ತಾರೆ? ಅವರೇ ಬೇಡ ಅಂದಿರ್ತಾರೆ" ಎಂದಳಂತೆ. ಅವಳು ಹೀಗಂದದ್ದು ಎಲ್ಲರ ಕಿವಿಗೂ ಬಿತ್ತು, ತಾಂತಾ ದೇಚೆಯೇ ಬೇಡ ಎಂದಿದ್ದಾಳೆ ಎಂದು ಎಲ್ಲರೂ ತಿಳಿದುಕೊಂಡರು. ಅವಳನ್ನೇ ಒಂದು ಮಾತು ಕೇಳೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನನಗೆ ಇದು ತಿಳಿದದ್ದು ತಟ್ಟೆಗಳಿಂದ. ಸಂತೆಗೆ ಹೋದಾಗಲೆಲ್ಲ ಅವಳು ಅಂಚಿಗೆ ನೀಲಿ ಹೂವಿದ್ದ ಒಂದು ಪಿಂಗಾಣಿ ತಟ್ಟೆ ಕೊಂಡು ತರುತ್ತಿದ್ದಳು, ಒಮ್ಮೊಮ್ಮೆ ಎರಡು.

"ಏನ್ ತಾಂತಾ, ಮದ್ವೆ ಗಿದ್ವೆ ಇಟ್ಕೊಂಡಿದೀಯಾ?" ಎಂದು ರೇಗಿಸಿದೆ.

"ಹೂಂ ಕಣೆ ಮೈಸ್ಕೆ. ನಮ್ಮ ಮುದಿ ಪಾದ್ರಿ ಜೊತೆ. ಯಾರಿಗೂ ಹೇಳ್ಬೇಡ, ಅವನ ಹೆಂಡ್ತಿಗೆ ಇನ್ನೂ ಗೊತ್ತಿಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ತಟ್ಟೆಯನ್ನು ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಒರೆಸುತ್ತ ಸಣ್ಣ ದನಿಯಲ್ಲಿ ಹೇಳಿದಳು: "ಬುಧವಾರ ನಮ್ಮನೆಗೆ ಬಂದಾಗ ಬೇಕಲ್ಲ. ಒಂದೊಂದು ತಟ್ಟೆ ಒಂದೊಂದು ಥರ ಇದ್ರೆ ಚೆನ್ನಾಗಿರಲ್ಲ."

"ಬರ್ತೀವಿ ಅಂದಿದಾರಾ?"

"ಇಲ್ಲ. ಬರ್ತಾರೆ. ಎಲ್ಲಿಗೆ ಹೋಗ್ತಾರೆ, ಸರದಿ ಅಲ್ವಾ?"

ಅವತ್ತಿನಿಂದ ನಾನು ಬುಧವಾರ ವಾಕ್ಯ ಕೇಳುವುದು ಬಿಟ್ಟು ಅವಳನ್ನೇ ನೋಡತೊಡಗಿದೆ. ಸ್ಯಾಮಸ್ ವೆಂಚೆ ಸಾರುವುದಕ್ಕೆ ಎದ್ದ ಕೂಡಲೇ ಅವಳು ಬೆನ್ನು ನೆಟ್ಟಗೆ ಮಾಡಿ, ಕೂದಲು ಸವರಿಕೊಂಡು ಕೂರುತ್ತಿದ್ದಳು. ಅವನು ಬೇರೆ ಯಾರದೋ ಹೆಸರು ಹೇಳುತ್ತಿದ್ದ. "ಆಮೆನ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿ, ಎದ್ದು ಅಡುಗೆಮನೆಗೆ ಹೋಗಿ, ಉಂಡವರ ತಟ್ಟೆ ತೊಳೆಯಲು ಕೂರುತ್ತಿದ್ದಳು. ಕೊಲೊಮ್‌ನ ಯಾರ ಮನೆಯ ತಟ್ಟೆಯ ಅಂಚು ಎಲ್ಲಿ ಮುಕ್ಕಾಗಿದೆ ಎನ್ನುವುದು ಕಣ್ಣು ಮುಚ್ಚಿದರೂ ಅವಳಿಗೆ ಗೊತ್ತಿತ್ತು. ಅವಳ ಮನೆಯ ತಟ್ಟೆಯ ಬಣ್ಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ರಸ್ತೆಬದಿಯಲ್ಲಿ ಕೂತಾಗ ನಾನೇ ಮಾತು ತೆಗೆದೆ. "ನಾಳೆನೇ ಆ ವೆಂಚೆ ಮನೆಗೆ ಹೋಗಿ ಮುಖಕ್ಕೆ ಮಂಗಳಾರತಿ ಎತ್ತುತೀನಿ ನೋಡು" ಎಂದೆ.

ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಬಾಣಲೆಯ ಮುಂದೆ ಕೂತವಳ ಕೈ, ಬಿಸಿಯಾಗಿತ್ತು. "ಬೇಡ ಕಣೆ. ನೀನು ಹೋಗಿ ಹೇಳಿದ್ರೆ ಬರ್ತಾರೆ. ಬಂದ್ರೂ ಅದು ಬಂದಂಗಲ್ಲ. ನಂಗೆ ಅವರ ಪ್ರಾರ್ಥನೆ ಬೇಕಾಗಿಲ್ಲ ಮೈಸ್ಕೆ, ಪ್ರಾರ್ಥನೆ ನಾನೂ ಮಾಡ್ತೀನಿ. ನಮ್ಮನೆ ಮೆಟ್ಲು ಹತ್ತಿ, ಚಾಪೆ ಮೇಲೆ ಚಕ್ಕಂಬಕ್ಕಲ ಹಾಕ್ಕೊಂಡು ಕೂತು, ಉಪ್ಪು ಕಮ್ಮಿ ಆಯ್ತು ತಾಂತಾ ಅಂತ ಬೈಬೇಕು. ಎಲ್ಲರೂ ಕೈ ಕುಲುಕ್ತಾರೆ. ನಮ್ಮನೆ ಒಲೆ ಯಾವ ಮೂಲೇಲಿದೆ ಅಂತ ಒಬ್ಬರಿಗಾದ್ರೂ ನೆನಪಿದೆಯಾ? ಹೇಳಲ್ಲ ಅಂತ ದೇವರಾಣೆ ಮಾಡು."

ಆಣೆ ಮಾಡಿದೆ. ಮಾಡಿ ಬಾಯಿ ಹೊಲಿದುಕೊಂಡೆ. ಬನ್ನು ಬೇಯುವ ಹಬೆಯಲ್ಲಿ ನನ್ನ ಸಿಟ್ಟೂ ಬೇಯುತ್ತಿತ್ತು.

ಆ ವರ್ಷ ಕೃತಜ್ಞತಾಸ್ತುತಿಯ ಹಬ್ಬ ಬಂತು. ನಮ್ಮ ಮಿನಹಾಸಾ ಸೀಮೆಯಲ್ಲಿ ಹಬ್ಬದ ದಿನ ಯಾವ ಮನೆಯ ಬಾಗಿಲೂ ಮುಚ್ಚುವ ಹಾಗಿಲ್ಲ. ಮನಾಡೋ ಪಟ್ಟಣದಿಂದ ಯಾರೋ ಯಾರನ್ನೋ ಹುಡುಕಿಕೊಂಡು ಬಂದು, ಮನೆ ತಪ್ಪಿ ನಮ್ಮನೆಗೆ ನುಗ್ಗಿದರೂ ಕೂರಿಸಿ ಉಣ್ಣಿಸಿ, ಬಿದಿರು ಕೊಳವೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ ಕಟ್ಟಿ ಕಳಿಸುತ್ತೇವೆ. ತಾಂತಾ ದೇಚೆಯೂ ಬಿದಿರು ಸುಟ್ಟಳು, ಕೋಳಿಗೆ ಖಾರ ಅರೆದಳು, ಬಾಗಿಲು ತೆಗೆದಿಟ್ಟಳು. ನಾನು, ನನ್ನ ಗಂಡ ಹೋಗಿ ಉಂಡು ಬಂದೆವು. ಆಮೇಲೆ ನನ್ನ ಮನೆಗೆ ನೆಂಟರ ದಂಡು ಬಂತು. ಅವರಿಗೆ ಬಡಿಸುತ್ತ ಕಿಟಕಿಯಿಂದ ಆಗಾಗ ಕಣ್ಣು ಹಾಯಿಸುತ್ತಿದ್ದೆ. ಕೊಲೊಮ್‌ನವರು ಗುಂಪು ಗುಂಪಾಗಿ ಅವಳ ಮೆಟ್ಟಿಲ ತನಕ ಬರುವರು, "ಶಾಲೋಮ್ ತಾಂತಾ, ಹಬ್ಬದ ಶುಭಾಶಯ" ಎಂದು ಕೈ ಕುಲುಕುವರು, "ಪಾಪ, ಇರೋ ಒಂದು ಪಾತ್ರೆ ನಾವ್ಯಾಕೆ ಖಾಲಿ ಮಾಡೋದು" ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ನನ್ನ ಮನೆಗೆ ಹತ್ತುವರು. ಸಂಜೆ ಹೋಗಿ ನೋಡಿದರೆ ಕೋಳಿಯ ಪಾತ್ರೆ ತುಂಬಿದ ಹಾಗೇ ಇತ್ತು. ಅವಳು ಬಾಗಿಲ ಬಳಿ ಹಬ್ಬದ ಬಟ್ಟೆಯಲ್ಲೇ ಕೂತಿದ್ದಳು.

"ತೆಗೊಂಡು ಹೋಗೇ, ನಿಮ್ಮ ನೆಂಟರಿಗೆ ಬೇಕಾಗುತ್ತೆ. ಹಳಸಿಬಿಡುತ್ತೆ" ಎಂದಳು.

ಅವತ್ತು ನನ್ನ ಆಣೆ ಮುರಿಯಿತು. ಮುರಿಯಬಾರದಿತ್ತು ಎನ್ನುವವರು ಎನ್ನಲಿ. ನೆಟ್ಟಗೆ ಸ್ಯಾಮಸ್ ವೆಂಚೆಯ ಮನೆಗೆ ಹೋದೆ. ಅವನು ಹಂದಿ ಮೂಳೆ ಚೀಪುತ್ತ ಕೂತಿದ್ದ.

"ಸ್ಯಾಮಸ್, ತಾಂತಾ ದೇಚೆ ಮನೇಲಿ ಏನು ದೆವ್ವ ಇದೆಯಾ?"

"ಏನಮ್ಮ ಹಿಂಗಂತೀಯ, ಹಬ್ಬದ ದಿನ!"

"ಮತ್ತೆ ಎಂಟು ವರ್ಷದಿಂದ ಬುಧವಾರ ಆ ಮನೆಗೆ ಯಾಕೆ ಹೋಗಿಲ್ಲ? ಮನೆಮನೆಯಲ್ಲಿ ರೊಟ್ಟಿ ಮುರಿದು ಕೂಡಿ ಉಣ್ಣಬೇಕು ಅಂತ ಕಳೆದ ವಾರ ತಾನೇ ಕಣ್ಣು ಮುಚ್ಚಿ ಹೇಳಿದ್ರಿ. ಆ ಮನೆ ಒಂದು ಬಿಟ್ಟು ಅಂತಾನಾ?"

ಅವನ ಮುಖ ಬಿಳಿಚಿಕೊಂಡಿತು. "ಅವರೇ ಬೇಡ ಅಂದಿದಾರೆ ಅಂತ ನಾನು..." ಎಂದು ಹೆಂಡತಿಯ ಕಡೆ ನೋಡಿದ. ಓಲ್ಗಾ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡಳು, ಸುಳ್ಳು ನೀರಲ್ಲ. "ನಾನು ಕಷ್ಟ ಕೊಡಬಾರದು ಅಂತ ಅಂದಿದ್ದು ಮೈಸ್ಕೆ. ಬರೋ ಬುಧವಾರದ್ದು ಆಗ್ಲೇ ಹೇಳಾಗಿದೆ, ಅದರ ಮುಂದಿನದು ಅಲ್ಲೇ ಇಟ್ಕೊಳ್ಳೋಣ. ಎಲ್ಲಾ ನಾನು ನೋಡ್ಕೋತೀನಿ."

ಆ ಕೊನೆಯ ಮಾತು ಅವತ್ತೇ ನನ್ನ ಕಿವಿಗೆ ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಆ ಬುಧವಾರ ಆಶೀರ್ವಾದ ಮುಗಿಯಿತು. ಸ್ಯಾಮಸ್ ಎದ್ದ. "ಮುಂದಿನ ಬುಧವಾರ ಮಾಮುವಾಯಾ ಮನೆಯಲ್ಲಿ" ಎಂದ. ತಾಂತಾ ದೇಚೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸ್ಯಾಮಸ್ ಅಲ್ಲಿಗೇ ನಿಲ್ಲಿಸಬಾರದೇ? "ತಾಂತಾಗೆ ಯಾವ ಹೊರೆನೂ ಆಗದಂಗೆ ಕೊಲೊಮ್ ಎಲ್ಲಾ ವ್ಯವಸ್ಥೆ ಮಾಡುತ್ತೆ" ಎಂದು ಬಾಲ ಸೇರಿಸಿದ. ಅವಳಿಗೆ ಆ ಬಾಲ ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ ಕಾಣೆ.

ಇಡೀ ವಾರ ಅವಳ ಮನೆಯಲ್ಲಿ ತೆಂಗಿನ ಸಿಪ್ಪೆ ಉಜ್ಜುವ ಸದ್ದು. ಅರ್ಧ ಕಾಯಿಯ ನಾರಿನಿಂದ ಹಲಗೆ ನೆಲ ಉಜ್ಜುತ್ತಿದ್ದಳು, ಮುಖ ಕಾಣುವ ಹಾಗೆ. ಸೊಂಟ ಹಿಡಿದುಕೊಂಡು ಎದ್ದು ನಿಂತು, "ಲೆಕ್ಸಿ ನೋಡಿದ್ರೆ ಬೈತಿದ್ದ, ಇಷ್ಟು ನುಣ್ಣಗೆ ಮಾಡಿದ್ರೆ ಜನ ಜಾರಿ ಬೀಳ್ತಾರೆ ಅಂತ" ಎಂದಳು. ವೆಂಚೆಗೆ ನಾನು ಹೇಳಿದ್ದು ಅವಳಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಿತ್ತು. ಅವಳು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಆ ವಾರ ಅವಳು ಅಷ್ಟು ಖುಷಿಯಾಗಿದ್ದಳು.

ಬುಧವಾರ ಮಧ್ಯಾಹ್ನವೇ ವೆಂಚೆ ಎರಡು ಗಾಡಿ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಚಪ್ಪರ ಹಾಕಿಸಿದ.

"ಒಳಗೆ ಯಾಕಲ್ಲ?" ಎಂದೆ.

"ಹಳೇ ಮನೆ ಮೈಸ್ಕೆ. ಹಲಗೆ ಎಷ್ಟು ವರ್ಷದ್ದೋ. ಇಷ್ಟು ಜನ ಕೂತು, ಕುಸಿದು ಗಿಸಿದು ಹೋದ್ರೆ ಪಾಪ ತಾಂತಾಗೇ ನಷ್ಟ."

ತಾಂತಾ ದೇಚೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು, ಕೇಳಿಸಿಕೊಂಡಳು. "ಗಟ್ಟಿ ಇದೆ ಸ್ಯಾಮಸ್. ಲೆಕ್ಸಿ ಹಾಕಿದ್ದು" ಎಂದಳು. ಅವನು ನಕ್ಕು, "ಇರ್ಲಿ ತಾಂತಾ, ಹೊರಗೇ ಗಾಳಿ ಚೆನ್ನಾಗಿ ಬರುತ್ತೆ" ಎಂದ.

ಪ್ರಾರ್ಥನೆ ಚಪ್ಪರದಲ್ಲಿ ನಡೆಯಿತು. ಅವಳನ್ನು ಮುಂದಿನ ಕುರ್ಚಿಯಲ್ಲಿ, ಬಹುಮಾನ ತೆಗೆದುಕೊಳ್ಳುವವರ ಹಾಗೆ ಕೂರಿಸಿದರು. ಹಾಡಿಗೆ ಅವಳ ದನಿ ಮೇಲೇಳಲಿಲ್ಲ. ಆಶೀರ್ವಾದ ಆಗುತ್ತಲೇ ಅವಳು ಕುಂಟುತ್ತ ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಹೋದೆ. ಮುಂಬಾಗಿಲ ಕೋಣೆಯಲ್ಲಿ ಚಾಪೆ ಹಾಸಿ, ನೀಲಿ ಹೂವಿನ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದಳು. ಮೀನು ವಡೆ, ಕೋಳಿ, ಪಪ್ಪಾಯಿ ಹೂವಿನ ಪಲ್ಯ, ಮೆಣಸಿನಕಾಯಿಯ ದಾಬುದಾಬು ಚಟ್ನಿ. ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ.

ನಮ್ಮ ಹಿಂದೆ ಓಲ್ಗಾ ಬಂದಳು. ಬಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ತಾಂತಾ! ಯಾಕೆ ಇಷ್ಟೆಲ್ಲಾ ಕಷ್ಟಪಟ್ರಿ? ಎಲ್ಲರಿಗೂ ಡಬ್ಬಿ ಊಟ ತರಿಸಿದೀನಲ್ಲ. ಇದನ್ನೆಲ್ಲಾ ಎತ್ತಿಡಿ, ವಾರಪೂರ್ತಿ ನಿಮಗೇ ಆಗುತ್ತೆ." ಹಾಗೆಂದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಒಡೆಯದ ಹಾಗೆ ಜೋಪಾನವಾಗಿ ಮೂಲೆಗೆ ಸರಿಸಿದಳು. ತಾಂತಾ ದೇಚೆ ಏನೋ ಹೇಳಲು ಬಾಯಿ ತೆರೆದಳು. ಹೊರಗಿನಿಂದ ಸ್ಯಾಮಸ್ ಕರೆದ. ಹೋದಳು. ಒಂದು ಮೂಟೆ ಅಕ್ಕಿ, ಎಣ್ಣೆ, ಸಕ್ಕರೆ ಅವಳ ಕಾಲ ಬಳಿ ಇಟ್ಟು, ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. "ನಗಿ ತಾಂತಾ" ಎಂದರು. ನಕ್ಕಳು. ಡಬ್ಬಿ ಬಿಚ್ಚಿ ಉಂಡರು, ಕೈ ಕುಲುಕಿದರು, ಹೋದರು. ನನ್ನನ್ನು ಬಿಟ್ಟರೆ ಮೆಟ್ಟಿಲು ಹತ್ತಿದ್ದು ಓಲ್ಗಾ ಒಬ್ಬಳೇ, ಅದೂ ತಟ್ಟೆ ಎತ್ತಿಡಲು.

ನಾನು ಒಳಗೆ ಹೋಗಿ ನೆಲದ ಮೇಲೆ ದೊಪ್ಪನೆ ಕೂತೆ. ಒಂದು ತಟ್ಟೆ ಎಳೆದುಕೊಂಡು ವಡೆ ಹಾಕಿಕೊಂಡು ಗಬಗಬ ತಿನ್ನತೊಡಗಿದೆ. ಕಣ್ಣೀರು ಬಂತು, ಖಾರಕ್ಕಲ್ಲ.

ಅವಳು ಬಂದು ಎದುರಿಗೆ ಕೂತಳು. "ಬಿಡೇ ಮೈಸ್ಕೆ. ಸಿಟ್ಟಿಗೆ ತಿನ್ನಬೇಡ. ನಾನು ಹಸಿದೋರಿಗೆ ಅಂತ ಮಾಡಿದ್ದು."

"ಬೈಯಾದ್ರೂ ಬೈ ತಾಂತಾ ನನ್ನ. ನಾನೇ ಹೇಳಿದ್ದು."

"ನಿನ್ನ ಯಾಕೆ ಬೈಲಿ? ನೀನಾದ್ರೂ ಕೂತಿದೀಯ." ಅವಳು ಕೈಯಿಂದ ಹಲಗೆ ಸವರಿದಳು. "ಕುಸಿಯುತ್ತಂತೆ" ಎಂದಳು. ಅವಳಿಗೆ ಹೆಚ್ಚು ನೋವಾದದ್ದು ಅದೇ.

ಮುಂದಿನ ಬುಧವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಭಾನುವಾರ ಚರ್ಚಿಗೆ ಬಂದರೂ ಕೊನೆಯ ಬೆಂಚಿನಲ್ಲಿ ಕೂತು, ಕೈ ಕುಲುಕುವ ಹೊತ್ತಿಗೆ ಮುಂಚೆಯೇ ಎದ್ದು ಹೋಗುತ್ತಿದ್ದಳು. "ವಯಸ್ಸಾಯ್ತು, ಸುಸ್ತು" ಎಂದರು ಜನ. "ತೊಂದರೆ ಕೊಡೋದು ಬೇಡ" ಎಂದರು. ಒಬ್ಬರೂ ಬಂದು ನೋಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಾಲು ಊದಿಕೊಂಡಿತು, ಉಸಿರು ಗಿಡ್ಡವಾಯಿತು. ಆರೋಗ್ಯ ಕೇಂದ್ರದವರು ಎದೆಯ ತೊಂದರೆ, ಪಟ್ಟಣಕ್ಕೆ ಹೋಗಬೇಕು ಎಂದರು. ಅವಳು ಹೋಗಲಿಲ್ಲ. ನಾನು ಎಷ್ಟು ಕೂಗಾಡಿದರೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ, "ತಟ್ಟೆ ಮೇಲೆ ಧೂಳು ಕೂತಿರುತ್ತೆ ಕಣೆ. ಬಿಸಿನೀರಲ್ಲಿ ತೊಳ್ದಿಡು" ಎಂದಳು.

"ಈಗ್ಯಾಕೆ ತಟ್ಟೆ?"

"ಬರ್ತಾರಲ್ಲ ಇನ್ನೇನು. ಸತ್ತ ಮನೆಗೆ ಬರದೇ ಇರೋಕಾಗುತ್ತಾ? ನನ್ನ ತಟ್ಟೇಲಿ ಬಡಿಸು. ಡಬ್ಬಿ ಬೇಡ." ಎರಡು ಚಮಚ ಗಂಜಿ ಕುಡಿದು ಮುಖ ತಿರುಗಿಸಿದಳು. ಆ ವಾರವೇ ಹೋದಳು.

ಚರ್ಚಿನ ಧ್ವನಿವರ್ಧಕ ಕೂಗಿತು: "ಇಂದು ಸಂಜೆ ಪ್ರಾರ್ಥನೆ ಮಾಮುವಾಯಾ ಮನೆಯಲ್ಲಿ." ಬಾಲವಿಲ್ಲದೆ, ಅವಳು ಬಯಸಿದ ಹಾಗೇ. ನಾನು ಅವಳ ಮನೆಯ ಒಲೆ ಊದುತ್ತಿದ್ದವಳು ಅಲ್ಲೇ ಕೂತು ಗೋಳೋ ಎಂದು ಅತ್ತೆ.

ಓಲ್ಗಾ ಬಂದು, "ಡಬ್ಬಿ ಊಟಕ್ಕೆ ಹೇಳ್ತೀನಿ" ಎಂದಳು.

"ಈ ಮನೆ ಹೊಸ್ತಿಲಿಗೆ ಡಬ್ಬಿ ಬಂದ್ರೆ ಒಂದೊಂದಾಗಿ ಸರೋವರಕ್ಕೆ ಎಸೀತೀನಿ ಓಲ್ಗಾ. ಆಮೇಲೆ ನಿನ್ನನ್ನೂ." ಅವಳು ಹಿಂದೆ ಸರಿದಳು. ನಾನೇ ನಿಕೆ ಮೀನು ತಂದು ಕರಿದೆ. ಕೊಲೊಮ್‌ನ ಹೆಂಗಸರು ಮಾತಿಲ್ಲದೆ ಅನ್ನ ಬೇಯಿಸಿದರು. ಒಲೆ ಯಾವ ಮೂಲೆಯಲ್ಲಿದೆ ಎಂದು ನಾನು ಅವರಿಗೆ ತೋರಿಸಬೇಕಾಯಿತು.

ಶವಪೆಟ್ಟಿಗೆ ಇದ್ದದ್ದು ಮುಂಬಾಗಿಲ ಕೋಣೆಯಲ್ಲಿ. ಪ್ರಾರ್ಥನೆ ಹೆಣದ ಮುಂದೆಯೇ ಆಗಬೇಕು, ಅದು ಪದ್ಧತಿ. ಹಾಗಾಗಿ ಎಲ್ಲರೂ ಮೆಟ್ಟಿಲು ಹತ್ತಿದರು. ಕೊಲೊಮ್ ಇಡೀ ಬಂತು, ಬೇರೆ ಕೊಲೊಮ್‌ಗಳೂ ಬಂದವು. ಗೋಡೆಯಿಂದ ಗೋಡೆಗೆ ಮಂಡಿಗೆ ಮಂಡಿ ತಾಗಿಸಿ ಚಕ್ಕಂಬಕ್ಕಲ ಹಾಕಿ ಕೂತರು. ಪ್ರಾರ್ಥನೆ ಮುಗಿದ ಮೇಲೆ ನೀಲಿ ಹೂವಿನ ತಟ್ಟೆಗಳು ಕೈಯಿಂದ ಕೈಗೆ ಹೋದವು. ಉಂಡರು, ಮತ್ತೆ ಹಾಕಿಸಿಕೊಂಡರು. ಯಾರೋ ಮುದುಕ, "ಉಪ್ಪು ಸ್ವಲ್ಪ ಕಮ್ಮಿ" ಎಂದ. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ.

ಸ್ಯಾಮಸ್ ವೆಂಚೆ ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ. ಅಂಗೈಯಿಂದ ನೆಲ ತಟ್ಟಿ ನೋಡಿದ. "ಇಷ್ಟು ಜನ ಕೂತ್ರೂ ಕಿರ್ ಅನ್ಲಿಲ್ಲ, ಮೈಸ್ಕೆ" ಎಂದ.

"ಯಾವತ್ತೂ ಅಂತಿರ್ಲಿಲ್ಲ, ಸ್ಯಾಮಸ್."

ಅವನು ತಟ್ಟೆ ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ. ಪಕ್ಕದಲ್ಲಿ ಓಲ್ಗಾ ತನ್ನ ಕೈಯಲ್ಲಿದ್ದ ತಟ್ಟೆಯ ಅಂಚು ಸವರುತ್ತ, "ಇಷ್ಟೊಂದು ಚೆಂದದ ತಟ್ಟೆ ಇಟ್ಕೊಂಡು ತಾಂತಾ ಒಂದು ಸಲಾನೂ ನಮ್ಮನ್ನ ಯಾಕೆ ಕರೀಲಿಲ್ಲ?" ಎಂದಳು. ಕುಹಕದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

"ಕರೀತಿದ್ಳು ಓಲ್ಗಾ. ಪ್ರತಿ ಬುಧವಾರ ನಿಮ್ಮೆಲ್ಲರ ತಟ್ಟೆ ತೊಳೀತಾ ಕರೀತಿದ್ಳು."

ಕೊನೆಯ ಹಾಡು ಎತ್ತಿದರು, ಎಲ್ಲರ ದನಿ ಒಂದೇ ಮಟ್ಟದಲ್ಲಿ ಹೋಯಿತು. ಆಮೇಲೆ ಎದ್ದರು. ಹೊರಡುವಾಗ ಮನೆಯವರು ಬಾಗಿಲಲ್ಲಿ ನಿಂತು ಕೈ ಕುಲುಕಬೇಕಲ್ಲ, ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಂದೆ ಹೋದವರು ಅರ್ಧ ಚಾಚಿದ ಕೈ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತರು, ಅವರ ಹಿಂದೆ ಉಳಿದವರೂ ನಿಂತರು. "ಮೈಸ್ಕೆ, ನೀನಾದ್ರೂ ಬಂದು ನಿಂತ್ಕೊಳ್ಳೇ" ಎಂದು ಯಾರೋ ಕೂಗಿದರು. ನಾನು ಹೋಗಲಿಲ್ಲ. ಹಿತ್ತಲಲ್ಲಿ ಬಿಸಿನೀರು ಮುಂದಿಟ್ಟುಕೊಂಡು ಅವಳ ತಟ್ಟೆ ತೊಳೆಯುತ್ತ ಕೂತಿದ್ದೆ.